ಹಾವೊಡ್ ಮನೆಯವರ ಸರದಿ

ಕರೆಯದೆ ನಾನು ಯಾರ ಮನೆಗೂ ಹೋಗುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆದ ಅನಾಹುತಕ್ಕೆಲ್ಲ ಇದೇ ಮೂಲ. ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆಯಬೇಕು. ಊರು ದೂರವಾದರೆ ಫೋನ್ ಮಾಡಿ ಬಾಯಿ ತುಂಬ ಕರೆಯಬೇಕು. ಪರ್ತ್‌ನ ವಿಲೆಟನ್‌ನಲ್ಲಿರುವ ಉಷಾ ತನ್ನ ಮಗಳು ಅದಿತಿಯ ಮದುವೆಗೆ ನನ್ನನ್ನು ಕರೆದದ್ದು ವಾಟ್ಸಾಪ್‌ನಲ್ಲಿ, ಅದೂ ಒಂದು ಗ್ರೂಪ್‌ನಲ್ಲಿ. ನೂರ ನಲವತ್ತು ಜನರಲ್ಲಿ ನಾನೂ ಒಬ್ಬಳು. ಮೇಲೆ ಗಣಪತಿ, ಕೆಳಗೆ ಹಾಲ್‌ನ ಮ್ಯಾಪು.

ಈ ಉಷಾ ಯಾರೋ ಅಲ್ಲ. ಅಡಿಲೇಡ್‌ಗೆ ಬಂದ ಹೊಸದರಲ್ಲಿ ಎರಡು ಸಂಸಾರ ಸೇರಿ ಒಂದೇ ಮನೆ ಬಾಡಿಗೆಗೆ ಹಿಡಿದಿದ್ದೆವು. ಒಂದೇ ಒಲೆ, ಒಂದೇ ಸಾರಿನ ಪಾತ್ರೆ. ಅದಿತಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ನಾನು. ಅಂಥವಳ ಮದುವೆಗೆ ಗ್ರೂಪ್‌ನಲ್ಲಿ ಕರೆಯುವುದೇ? ನಾನು ಹೋಗಲಿಲ್ಲ. ಮದುವೆ ಮುಗಿದ ಮೇಲೆ ಮೆಸೇಜ್ ಬಂತು: "ನೀನು ಮನೆಯವಳು ಅಂದ್ಕೊಂಡಿದ್ದೆ ಕಣೇ. ನಿನ್ನನ್ನೂ ಬೇರೆ ಕರೀಬೇಕಿತ್ತಾ?" ಒಳ್ಳೆ ನೆಪ ಎಂದುಕೊಂಡು ಉತ್ತರ ಕೊಡಲಿಲ್ಲ. ಮೂರು ವರ್ಷದ ಹಿಂದೆ ನಮ್ಮ ಯಜಮಾನರು, ಉಮಾಪತಿ, ತೀರಿಕೊಂಡಾಗ ಅವಳು ಮೂರು ಸಲ ಫೋನ್ ಮಾಡಿದಳು. ನಾನು ಎತ್ತಲಿಲ್ಲ. ನಾಲ್ಕನೇ ಸಲ ಮಾಡಿದ್ದರೆ ಎತ್ತುತ್ತಿದ್ದೆನೇನೋ. ಮಾಡಲಿಲ್ಲ.

ನನ್ನ ಮಗಳು ಸಿಂಚನಾ ಇರುವುದು ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿ. ಭಾನುವಾರ ಫೋನ್ ಮಾಡುತ್ತಾಳೆ. "ಅಮ್ಮಾ, ಜಸ್ಟ್ ಕಾಲ್ ಹರ್, ನೋ? ಹೌ ಹಾರ್ಡ್ ಈಸ್ ಇಟ್?" ಎನ್ನುತ್ತಾಳೆ. ಅವಳಿಗೆ ಎಲ್ಲವೂ ಸುಲಭ. ಫೋನ್ ಇಟ್ಟ ಮೇಲೆ ಮನೆಯಲ್ಲಿ ಫ್ರಿಜ್ ಒಂದರದೇ ಸದ್ದು. ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ನನಗೆ ಡಿಸೆಂಬರ್ ಬಂತೆಂದರೆ ರಜೆ, ರಜೆ ಬಂತೆಂದರೆ ಮಾತಿಲ್ಲ. ಕೆಲವು ದಿನ ನಾನು ಆಡಿದ ಒಂದೇ ಮಾತು ಸೂಪರ್ ಮಾರ್ಕೆಟ್‌ನ ಹುಡುಗಿಗೆ ಹೇಳಿದ ಥ್ಯಾಂಕ್ ಯೂ.

ಅದಕ್ಕೇ ಧನುರ್ಮಾಸವನ್ನು ನಾನು ಬಿಟ್ಟಿಲ್ಲ. ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ಬೆಳಗಾಗುವ ಮೊದಲೇ ಪೂಜೆ ಮುಗಿಸಿ ಹುಗ್ಗಿ ನೈವೇದ್ಯ ಮಾಡಬೇಕು. ಒಂದು ತಿಂಗಳಾದರೂ ಏಳುವುದಕ್ಕೊಂದು ಕಾರಣ ಇರುತ್ತದಲ್ಲ.

ಪಕ್ಕದ ಮನೆಯ ಮುದುಕನ ಪರಿಚಯವಾದದ್ದೂ ಆ ಹುಗ್ಗಿಯಿಂದಲೇ. ಉಮಾಪತಿ ತೀರಿಕೊಂಡ ವರ್ಷದ ಡಿಸೆಂಬರ್‌ನಲ್ಲಿ ಒಂದು ಬೆಳಗಿನ ಜಾವ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದೆ. ಬೇಲಿಯಾಚೆ ದಪ್ಪ ದನಿಯಲ್ಲಿ ಹಾಡು. ಇಂಗ್ಲಿಷ್ ಅಲ್ಲ. ಕುಡಿದಿದ್ದಾನೆ ಎಂದುಕೊಂಡೆ. ಎರಡು ದಿನ ಸುಮ್ಮನಿದ್ದೆ, ಮೂರನೇ ದಿನ ಚೊಂಬನ್ನು ಬೇಲಿಗೆ ಬಡಿದೆ. ಹಾಡು ನಿಂತಿತು. ಹಲಗೆಗಳ ಮೇಲೆ ಒಂದು ಬಿಳಿ ತಲೆ ಕಾಣಿಸಿಕೊಂಡಿತು.

"ಬೆಳಿಗ್ಗೆ ಐದು ಗಂಟೆಗೆ ನಿಮ್ಮ ಮನೇಲಿ ಸ್ಟೀಮ್ ಎಂಜಿನ್ ನಾಲ್ಕು ಸಲ ಕೂಗುತ್ತೆ. ನಾನೇನಾದ್ರೂ ಬೇಲಿ ಬಡಿದಿದ್ದೀನಾ?" ಎಂದ.

ಅವನು ಹೇಳಿದ್ದು ನನ್ನ ಕುಕ್ಕರ್‌ನ ವಿಷಯ. ನನಗೆ ನಗು ಬಂತು. ಎಷ್ಟು ತಿಂಗಳ ಮೇಲೆ ನಕ್ಕಿದ್ದೆನೋ. ಅವತ್ತು ಅವನಿಗೆ ಒಂದು ಬಟ್ಟಲು ಹುಗ್ಗಿ ಕೊಟ್ಟೆ. ಹುಗ್ಗಿ ತಿಂದವರನ್ನು ಏಕವಚನದಲ್ಲಿ ಹೇಳಬಾರದು, ಇನ್ನು ಮುಂದೆ ಅವರು ಎನ್ನುತ್ತೇನೆ.

ಅವರ ಹೆಸರು ಎಮ್ರಿಸ್ ಪ್ಯೂ, ವಯಸ್ಸು ಎಂಬತ್ತನಾಲ್ಕು. ಎಮ್ರಿಸ್ ಎಂದೇ ಕರಿ ಎಂದರು. ನಮ್ಮಪ್ಪನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳದು, ಮಿಸ್ಟರ್ ಪ್ಯೂ ಎಂದೇ ಅಂದೆ. ಬನಶಂಕರಿ ಎಂಬ ನನ್ನ ಹೆಸರನ್ನು ಅವರು ಶಂಕರಿಗೆ ಇಳಿಸಿದರು. ನಾವು ಆಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಆದರೆ ನೆನಪಿನಲ್ಲಿ ಅವರ ಮಾತೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಅವರ ಊರು ವೇಲ್ಸ್‌ನ ಬೆಟ್ಟದ ನಡುವಿನ ಕುಮ್ ಡೆರ್ವೆನ್. ನಾನೂರು ಜನ, ಅದಕ್ಕೆ ಹತ್ತರಷ್ಟು ಕುರಿ. ಅಂಗಡಿಯಲ್ಲಿ, ಶಾಲೆಯಲ್ಲಿ, ಜಗಳದಲ್ಲಿ ಎಲ್ಲ ವೆಲ್ಷ್ ಭಾಷೆಯೇ. ಏಳನೇ ವಯಸ್ಸಿನವರೆಗೆ ಇವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಅಲ್ಲಿ ಅಡ್ಡಹೆಸರಿನಿಂದ ಯಾರನ್ನೂ ಗುರುತಿಸುವುದಿಲ್ಲ, ಊರು ತುಂಬ ಪ್ಯೂಗಳೇ. ಮನೆಯ ಹೆಸರಿನಿಂದಲೇ ಗುರುತು. "ನಾನು ಎಮ್ರಿಸ್ ಪ್ಯೂ ಆಗಿದ್ದು ಹಡಗು ಹತ್ತಿದ ಮೇಲೆ. ಊರಲ್ಲಿ ನಾನು ಎಮ್ರಿಸ್ ಹಾವೊಡ್, ಹಾವೊಡ್ ಮನೆ ಎಮ್ರಿಸ್" ಎಂದರು. ನಮ್ಮ ಕಡೆಯೂ ಹಾಗೇ, ದೊಡ್ಡಮನೆಯವರು, ಬಾವಿಮನೆಯವರು ಎನ್ನುತ್ತೇವೆ ಎಂದೆ. "ಹಾಗಾದ್ರೆ ನಿನಗೆ ಅರ್ಥ ಆಗುತ್ತೆ" ಎಂದರು. ನಾನೂ ಹಾಗೇ ನಂಬಿದ್ದೆ.

ಅವರು ಹಾಡುತ್ತಿದ್ದದ್ದು ಪ್ಲಗೈನ್ ಎಂಬ ಪದ್ಧತಿಯ ಹಾಡು. ಕ್ರಿಸ್ಮಸ್ ಹೊತ್ತಿನಲ್ಲಿ ಊರಿನ ಜನ ಚರ್ಚಿನಲ್ಲಿ ಸೇರುತ್ತಾರೆ. ಹಿಂದೆ ಬೆಳಗಿನ ಜಾವ ಸೇರುತ್ತಿದ್ದರಂತೆ, ಈಗ ಸಂಜೆ. ಪಾದ್ರಿ ಒಂದು ಸಣ್ಣ ಪ್ರಾರ್ಥನೆ ಹೇಳಿ, ಪ್ಲಗೈನ್ ತೆರೆದಿದೆ ಎಂದು ಕೂತುಬಿಡುತ್ತಾರೆ. ಆಮೇಲೆ ಯಾರೂ ಯಾರನ್ನೂ ಕರೆಯುವುದಿಲ್ಲ. ಪಟ್ಟಿ ಇಲ್ಲ, ಮೈಕಿನಲ್ಲಿ ಹೆಸರು ಕೂಗುವುದಿಲ್ಲ. ಒಂದು ಮನೆಯವರು ತಾವಾಗಿ ಎದ್ದು ಮುಂದೆ ಹೋಗಿ, ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು, ಶ್ರುತಿ ಹಿಡಿದು ತಮ್ಮ ಮನೆಯ ಹಾಡು ಹಾಡಿ ಸುಮ್ಮನೆ ವಾಪಸ್ಸು ಬರುತ್ತಾರೆ. ಚಪ್ಪಾಳೆ ಇಲ್ಲ. ಮೌನ. ಮೌನದಲ್ಲಿ ಇನ್ನೊಂದು ಮನೆಯವರು ಏಳುತ್ತಾರೆ. ಎಲ್ಲರದೂ ಆದ ಮೇಲೆ ಅದೇ ಸರದಿಯಲ್ಲಿ ಇನ್ನೊಂದು ಸುತ್ತು. ಒಂದು ಮನೆಯ ಹಾಡನ್ನು ಇನ್ನೊಂದು ಮನೆಯವರು ಬಾಯಿಗೆ ತೆಗೆದುಕೊಳ್ಳುವಂತಿಲ್ಲ.

"ಕರೀದೇ ಹೇಗೆ ಏಳ್ತಾರೆ?" ಎಂದೆ ನಾನು. ನನಗೆ ಅದೊಂದು ತಲೆಗೇ ಹೋಗಲಿಲ್ಲ.

"ಗಿರಣಿ ಮನೆಯವರು ಮುಗಿಸಿದ ಮೇಲೆ ನಮ್ಮದು. ನೂರಾರು ವರ್ಷದಿಂದ ಹಾಗೇ. ಯಾರು ಹೇಳಬೇಕು?"

ಹಾವೊಡ್ ಮನೆಯವರೆಂದರೆ ಅಪ್ಪ, ಎಮ್ರಿಸ್, ತಮ್ಮ ಇಫಾನ್. ಅಪ್ಪ ಹೋದರು. ಎಮ್ರಿಸ್ ಆಸ್ಟ್ರೇಲಿಯಾಕ್ಕೆ ಬಂದರು. ಒಂದು ಸಲ ಊರಿಗೆ ಹೋದಾಗ ಅಣ್ಣ ತಮ್ಮ ಇಬ್ಬರೇ ನಿಂತು ಹಾಡಿದ್ದರಂತೆ, ತಮ್ಮ ಮೇಲಿನ ದನಿ, ಅಣ್ಣ ಕೆಳಗಿನ ದನಿ. ಆಮೇಲೆ ಅಮ್ಮ ತೀರಿಕೊಂಡರು, ಇವರು ಮಣ್ಣಿಗೆ ಹೋಗಲಿಲ್ಲ. "ಕುರಿ ಉಣ್ಣೆ ಕತ್ತರಿಸೋ ಕಾಲ, ಕೆಲಸ ಬಿಡೋ ಹಾಗಿರಲಿಲ್ಲ ಅಂತ ಬರೆದೆ. ಸುಳ್ಳು. ಆ ಮನೇಲಿ ಅವಳಿಲ್ಲದೆ ಹೇಗೆ ಕಾಲಿಡೋದು ಅಂತ ಹೆದರಿಕೊಂಡೆ" ಎಂದು ನನ್ನ ಮುಂದೆ ಒಪ್ಪಿಕೊಂಡರು. ತಮ್ಮ ಉತ್ತರ ಬರೆಯಲಿಲ್ಲ. ಮೂವತ್ತು ವರ್ಷ ಮಾತಿಲ್ಲ, ಹಾವೊಡ್ ಮನೆಯ ಹಾಡೂ ಇಲ್ಲ.

ಈಚೆಗೆ ಕುಮ್ ಡೆರ್ವೆನ್‌ನವರು ಪ್ಲಗೈನ್ ಅನ್ನು ಇಂಟರ್ನೆಟ್‌ನಲ್ಲಿ ಬಿಡುತ್ತಾರೆ. ಅಲ್ಲಿ ಭಾನುವಾರ ಸಂಜೆ ಏಳು ಗಂಟೆಯಾದರೆ ಇಲ್ಲಿ ಸೋಮವಾರ ಬೆಳಿಗ್ಗೆ ಐದೂವರೆ, ಸರಿಯಾಗಿ ನನ್ನ ಹುಗ್ಗಿಯ ಹೊತ್ತು. ಹೋದ ಎರಡು ವರ್ಷ ನಾನೂ ಅವರ ಪಕ್ಕ ಕೂತು ನೋಡಿದೆ. ಗಿರಣಿ ಮನೆಯವರು ಹಾಡಿ ಕೂರುತ್ತಿದ್ದರು. ಮೌನ. ಮುದುಕರು ಟ್ಯಾಬ್ಲೆಟ್‌ಗೆ ಕಿವಿ ಒಡ್ಡುತ್ತಿದ್ದರು, ಅವರಿಗೆ ನೋಟದ ನಡುಭಾಗವೆಲ್ಲ ಮಸುಕು, ಅಂಚಿನದು ಮಾತ್ರ ಕಾಣುತ್ತಿತ್ತು. "ಕೆಮ್ಮಿದ ನೋಡು, ಅದು ಇಫಾನ್" ಎನ್ನುತ್ತಿದ್ದರು. ಇಫಾನ್ ಏಳುತ್ತಿರಲಿಲ್ಲ. ಮುಂದಿನ ಮನೆಯವರು ಏಳುತ್ತಿದ್ದರು.

ಈ ವರ್ಷ ಹೊಸ ವ್ಯವಸ್ಥೆಯಾಯಿತು. ದೂರ ಇರುವವರು ಪರದೆಯ ಮೂಲಕ ಹಾಡಬಹುದಂತೆ. ಮುದುಕರು ಒಂದು ವಾರ ಯೋಚಿಸಿದರು. ಆಮೇಲೆ ಬಂದು ಬೇಲಿ ಹಿಡಿದು ನಿಂತರು.

"ಹಾಡ್ತೀನಿ ಶಂಕರಿ. ಇಫಾನ್‌ಗೆ ಎಂಬತ್ತೊಂದು. ಈ ಸಲ ಅವನ ಕಿವಿಗೆ ಬೀಳಲಿಲ್ಲ ಅಂದ್ರೆ ನಮ್ಮ ಹಾಡು ನಮ್ಮ ಜೊತೆ ಮಣ್ಣಿಗೆ ಹೋಗುತ್ತೆ. ಆ ಮೈಕಿನ ಗುಂಡಿ ನನಗೆ ಕಾಣಲ್ಲ, ನೀನು ಒತ್ತಬೇಕು. ನಾನು ಎದ್ದು ನಿಂತಾಗ ಒತ್ತು."

ಅಷ್ಟೇ ನನ್ನ ಕೆಲಸ. ಗುಂಡಿ ಒತ್ತುವುದು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಬನಶಂಕರಿ ಹೇಗಾದೇನು? ಎಂಬತ್ತನಾಲ್ಕು ವರ್ಷದ ಹಿರಿಯರು ಯಾರೂ ಕರೆಯದೆ ತಾವಾಗಿ ಎದ್ದು ಹಾಡುವುದು ನನಗೆ ಸಹಿಸಲಿಲ್ಲ. ಕರೆಯುವುದಿಲ್ಲ ಎಂದು ಅವರೇನೋ ಹೇಳಿದ್ದರು. ಆದರೆ ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೇ ಇನ್ನೊಂದು ಹೋಳಿಗೆ ಬಡಿಸುವ ಜನ ನಾವು. ಬಾಯಲ್ಲಿ ಬೇಡ ಎಂದರೂ ಒಳಗೆ ಆಸೆ ಇದ್ದೇ ಇರುತ್ತದೆ ಎಂದುಕೊಂಡೆ. ಪರದೆಯ ಉಸ್ತುವಾರಿ ನೋಡುತ್ತಿದ್ದ ಕೆರಿಸ್ ಎಂಬ ಹುಡುಗಿಗೆ ಅವರಿಗೆ ಗೊತ್ತಿಲ್ಲದಂತೆ ಇಮೇಲ್ ಬರೆದೆ. ಅವರು ಹಿರಿಯರು, ಸಂಕೋಚದ ಮನುಷ್ಯ, ಗಿರಣಿ ಮನೆಯವರ ನಂತರ ಮಿಸ್ಟರ್ ಎಮ್ರಿಸ್ ಪ್ಯೂ ಎಂದು ದಯವಿಟ್ಟು ಗೌರವದಿಂದ ಕರೆಯಿರಿ ಎಂದು. ಅವಳು ಬೇರೆ ಊರಿನವಳು, ಈ ಕೆಲಸಕ್ಕೆಂದು ಬಂದವಳು. ಒಳ್ಳೆಯ ಐಡಿಯಾ, ಥ್ಯಾಂಕ್ಸ್ ಎಂದು ಉತ್ತರ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜನವರಿಯ ಮೊದಲ ಸೋಮವಾರ ಪೂಜೆ ಬೇಗ ಮುಗಿಸಿ, ಹುಗ್ಗಿ ಡಬ್ಬಿಗೆ ಹಾಕಿಕೊಂಡು ಅವರ ಹಿತ್ತಲಿನ ಜಗಲಿಗೆ ಹೋದೆ. ಹಿಂದಿನ ದಿನದ ಸೆಕೆ ಇನ್ನೂ ಇಳಿದಿರಲಿಲ್ಲ. ಮುದುಕರು ಉಣ್ಣೆಯ ಕೋಟು ಹಾಕಿ ಟೈ ಕಟ್ಟಿ ಕೂತಿದ್ದರು, ಹಣೆಯಿಂದ ಬೆವರು ಇಳಿಯುತ್ತಿತ್ತು.

"ಕೋಟು ತೆಗೀರಿ, ಮೇಲಿನ ಅರ್ಧ ಮಾತ್ರ ಕಾಣ್ಸೋದು" ಎಂದೆ.

"ಮೇಲಿನ ಅರ್ಧದಲ್ಲೇ ಕೋಟು ಇರೋದು" ಎಂದರು.

ಪರದೆಯಲ್ಲಿ ಕಲ್ಲಿನ ಚರ್ಚು, ಮೇಣದಬತ್ತಿಗಳು, ಟೋಪಿ ಕೈಯಲ್ಲಿ ಹಿಡಿದ ಜನ. ಅವರ ಉಸಿರು ಹೊಗೆಯಾಗುತ್ತಿತ್ತು. ಪಾದ್ರಿ ಎರಡು ಮಾತು ಹೇಳಿ ಕೂತರು. ಮೊದಲು ಇಬ್ಬರು ಹೆಂಗಸರು, ಆಮೇಲೆ ಒಂದು ಸಂಸಾರ, ಆಮೇಲೆ ಗಿರಣಿ ಮನೆಯ ನಾಲ್ವರು. ಅವರ ಬೂಟಿನ ಸದ್ದು ವಾಪಸ್ಸು ಹೋಗಿ ಬೆಂಚು ಕಿರುಗುಟ್ಟಿತು. ಮೌನ. ಮುದುಕರು ಕುರ್ಚಿಯ ಕೈಗಳನ್ನು ಹಿಡಿದರು. ಅವುಗಳ ಮೇಲೆ ಭಾರ ಬಿಟ್ಟು ಅರ್ಧ ಎದ್ದರು. ನನ್ನ ಬೆರಳು ಗುಂಡಿಯ ಮೇಲಿತ್ತು.

"ಈಗ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ, ಮಿಸ್ಟರ್ ಎಮ್ರಿಸ್ ಪ್ಯೂ" ಎಂದಿತು ಕೆರಿಸ್‌ಳ ದನಿ, ಮೊದಲು ವೆಲ್ಷ್‌ನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

ಚರ್ಚಿನಲ್ಲಿದ್ದ ತಲೆಗಳೆಲ್ಲ ತಿರುಗಿದವು. ಯಾರೋ ಉಸಿರೆಳೆದುಕೊಂಡದ್ದು ನನಗೂ ಕೇಳಿಸಿತು. ಮುದುಕರು ಎದ್ದಷ್ಟೇ ನಿಧಾನವಾಗಿ ಕೂತುಬಿಟ್ಟರು.

"ಒತ್ತಬೇಡ" ಎಂದರು.

"ಕರೀತಿದ್ದಾರೆ, ಏಳಿ" ಎಂದೆ.

"ಅದಕ್ಕೇ."

ಒಂದು ನಿಮಿಷ ಕಾದರು ಅಲ್ಲಿ. ಆಮೇಲೆ ಬೇರೆ ಮನೆಯವರು ಎದ್ದು ಹಾಡತೊಡಗಿದರು. ಮುದುಕರ ಮುಖ ಸುಣ್ಣದ ಗೋಡೆಯ ಹಾಗಿತ್ತು. ಯಾರು ಹೇಳಿದ್ದು ಅವಳಿಗೆ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನೇ ಬರೆದೆ. ನಿಮ್ಮ ಮರ್ಯಾದೆಗೆ ಅಂತ ಬರೆದೆ."

"ಆ ಚರ್ಚಲ್ಲಿ ಹದಿನೇಳು ಪ್ಯೂಗಳು ಕೂತಿದ್ದಾರೆ. ಯಾವ ಪ್ಯೂ? ಪರದೇಶದ ಪ್ಯೂ." ಅವರ ದನಿ ಏರಲಿಲ್ಲ, ಏರಿದ್ದರೆ ಎಷ್ಟೋ ವಾಸಿಯಿತ್ತು. "ನಮ್ಮೂರಲ್ಲಿ ಅತಿಥಿಗಳನ್ನ ಮಾತ್ರ ಕರೀತಾರೆ ಶಂಕರಿ. ಮನೆಯವರು ತಾವೇ ಏಳ್ತಾರೆ. ನನ್ನ ತಮ್ಮನ ಮುಂದೆ ನನ್ನನ್ನ ಅತಿಥಿ ಮಾಡಿಬಿಟ್ಟೆ ನೀನು."

ಅಯ್ಯೋ ದೇವರೇ ಎಂದು ಕೂತೆ. ನೀನು ಮನೆಯವಳು ಅಂದ್ಕೊಂಡಿದ್ದೆ ಕಣೇ ಎಂಬ ಉಷಾಳ ಮೆಸೇಜು, ಆರು ವರ್ಷ ಹಳೆಯದು, ನನ್ನ ಕಣ್ಣ ಮುಂದೆ ಬಂದು ನಿಂತಿತು. ಡಬ್ಬಿಯಲ್ಲಿ ಹುಗ್ಗಿ ಆರುತ್ತಿತ್ತು. ಎದ್ದು ಮನೆಗೆ ಹೋಗೋಣವೆಂದರೆ ಗುಂಡಿ ಒತ್ತುವವರು ಯಾರು ಎಂದು ಕೂತೆ, ಒತ್ತಲು ಇನ್ನೇನೂ ಉಳಿದಿಲ್ಲ ಎಂದು ಗೊತ್ತಿದ್ದೂ. ಅವರೂ ಹೋಗು ಎನ್ನಲಿಲ್ಲ. ಬೆಳಕು ಹರಿಯಿತು, ಬೇಲಿಯ ಮೇಲೆ ಮ್ಯಾಗ್‌ಪೈಗಳು ಬಂದು ಕೂತವು.

ಎರಡನೇ ಸುತ್ತು ಶುರುವಾಯಿತು. ಮತ್ತೆ ಆ ಇಬ್ಬರು ಹೆಂಗಸರು, ಆ ಸಂಸಾರ, ಗಿರಣಿ ಮನೆಯವರು. ಮತ್ತೆ ಬೂಟಿನ ಸದ್ದು, ಮೌನ. ಈ ಸಲ ಯಾರೂ ಕರೆಯಲಿಲ್ಲ, ಆ ಹುಡುಗಿಗೆ ಯಾರೋ ಹೇಳಿರಬೇಕು. ಮೊದಲ ಸುತ್ತಿನಲ್ಲಿ ಏಳದವರು ಎರಡನೆಯದರಲ್ಲಿ ಏಳುವ ವಾಡಿಕೆಯಿಲ್ಲವಂತೆ. ಆದರೂ ಮುಂದಿನ ಮನೆಯವರು ಏಳಲೇ ಇಲ್ಲ. ಇಡೀ ಚರ್ಚು ಸುಮ್ಮನೆ ಕೂತಿತ್ತು.

ಮುದುಕರು ಅಲುಗಾಡಲಿಲ್ಲ. "ಏಳಿ" ಎನ್ನಲು ಬಾಯಿ ತೆರೆದೆ. ಅದೂ ಕರೆದ ಹಾಗೇ ಆಗುತ್ತದೆ ಎಂದು ನಾಲಿಗೆ ಕಚ್ಚಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ನಾನು ಸುಮ್ಮನಿದ್ದದ್ದು ಆಗ.

ಕೆಮ್ಮು ಕೇಳಿಸಿತು. ಹಿಂದಿನ ಬೆಂಚಿನಿಂದ ಊರುಗೋಲು ಹಿಡಿದ ಒಬ್ಬ ಮುದುಕ ಎದ್ದ.

"ಯಾರು? ಯಾರದು ಹೆಜ್ಜೆ?" ಎಂದರು ಇವರು.

"ನಿಮ್ಮ ತಮ್ಮ ಇರಬೇಕು. ಒಬ್ಬರೇ ಮುಂದೆ ಬರ್ತಿದ್ದಾರೆ. ನಿಮ್ಮದೇ ಕಿವಿ, ನಿಮ್ಮದೇ ಮೂಗು."

"ಬಂದು ನಿಂತನಾ?"

"ನಿಂತ್ರು. ಆದ್ರೆ ನಡುವೆ ನಿಂತಿಲ್ಲ." ನಾನು ಪರದೆಗೆ ಬಗ್ಗಿದೆ. ಹಾಡಿದವರೆಲ್ಲ ಮೆಟ್ಟಿಲಿನ ನಟ್ಟನಡುವೆ ನಿಂತಿದ್ದರು. ಇಫಾನ್ ಬಲಕ್ಕೆ ಸರಿದು ನಿಂತಿದ್ದರು, ಎಡಭುಜವನ್ನು ಸ್ವಲ್ಪ ಓರೆ ಮಾಡಿ. "ಪಕ್ಕಕ್ಕೆ ನಿಂತಿದ್ದಾರೆ. ಎಡಗಡೆ ಒಬ್ಬರು ನಿಲ್ಲೋವಷ್ಟು ಜಾಗ ಬಿಟ್ಟಿದ್ದಾರೆ."

ಮುದುಕರು ಟೈ ಸರಿಮಾಡಿಕೊಂಡರು. ಎರಡೂ ಕೈ ಊರಿ ಪೂರ್ತಿ ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು.

"ಮೈಕ್ ಒತ್ತಲಾ?" ಎಂದೆ.

"ಬೇಡ. ನನ್ನ ದನಿ ಅಲ್ಲಿಗೆ ಎರಡು ಸೆಕೆಂಡು ತಡವಾಗಿ ಹೋಗುತ್ತೆ. ಅವನ ಹಾಡು ಕೆಡುತ್ತೆ."

ಅಲ್ಲಿ ಇಫಾನ್ ಶ್ರುತಿ ಹಿಡಿದು ಶುರುಮಾಡಿದರು. ತೆಳ್ಳಗಿನ, ಅಲ್ಲಲ್ಲಿ ಸೀಳುವ ದನಿ. ಒಂದು ಸಾಲು ಒಬ್ಬರೇ. ಎರಡನೆಯ ಸಾಲಿಗೆ ನನ್ನ ಪಕ್ಕದಿಂದ ಕೆಳಗಿನ ದನಿ ಎದ್ದು ಅದರ ಅಡಿಗೆ ಸೇರಿಕೊಂಡಿತು. ಮೂರು ವರ್ಷದಿಂದ ಬೇಲಿಯಾಚೆ ಒಂಟಿಯಾಗಿ ಕೇಳಿದ್ದ ಹಾಡು ಅದು. ಅರ್ಧ ಹಾಡು ಎಂದು ನನಗೆ ಆಗ ತಿಳಿಯಿತು. ಒಬ್ಬರು ಉಸಿರು ತೆಗೆದುಕೊಳ್ಳುವಲ್ಲಿ ಇನ್ನೊಬ್ಬರು ಹಿಡಿದು ನಿಲ್ಲುತ್ತಿದ್ದರು. ಇಫಾನ್ ಪ್ರತಿ ಸಾಲಿನ ಕೊನೆಗೆ ನಿಂತು, ಖಾಲಿ ಜಾಗದ ದನಿಗೆ ಹೊತ್ತು ಬಿಟ್ಟು ಮುಂದೆ ಹೋಗುತ್ತಿದ್ದರು. ಆ ಚರ್ಚಿನಲ್ಲಿ ಕೂತವರಿಗೆ ಅಲ್ಲಿ ಮೌನ ಕೇಳಿಸಿರಬೇಕು. ನನಗೆ ಮೌನ ಕೇಳಿಸಲಿಲ್ಲ. ಅವತ್ತು ಹಾವೊಡ್ ಮನೆಯ ಹಾಡನ್ನು ಪೂರ್ತಿಯಾಗಿ ಕೂತು ಕೇಳಿದವಳು ಲೋಕದಲ್ಲಿ ನಾನೊಬ್ಬಳೇ, ಅದರ ಒಂದು ಪದವೂ ತಿಳಿಯದವಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಉಮಾಪತಿ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಇಫಾನ್ ವಾಪಸ್ಸು ಹೋಗಿ ಕೂತರು. ಇವರೂ ಕೂತರು.

"ಸರಿಯಾಗಿ ಕೂಡ್ತಾ?" ಎಂದು ಕೇಳಿದರು.

"ಕೂಡ್ತು."

"ಎರಡೂ ಕೇಳಿಸ್ತಾ?"

"ಎರಡೂ ಕೇಳಿಸ್ತು ಮಿಸ್ಟರ್... ಎಮ್ರಿಸ್ ಹಾವೊಡ್."

ಅವರು ತಲೆಯಾಡಿಸಿ, ಡಬ್ಬಿ ಎಳೆದುಕೊಂಡು ಆರಿದ ಹುಗ್ಗಿ ತಿಂದರು. ಕೋಟಿನ ಮೇಲೆಲ್ಲ ಚೆಲ್ಲಿಕೊಂಡರು. ನಾನು ಮೆಲ್ಲಗೆ, ನೀವೂ ಜೊತೆಗೆ ಹಾಡಿದಿರಿ ಅಂತ ಇಫಾನ್‌ಗೆ ಒಂದು ಸಾಲು ಬರೀಲಾ ಎಂದೆ.

"ನೀನು ಬರೆದದ್ದು ಸಾಕು" ಎಂದರು. ಬೈಗುಳವೇ, ಆದರೆ ನಗುತ್ತಲೇ ಅಂದರು. "ಅವನು ಜಾಗ ಬಿಟ್ಟಿದ್ದಾನೆ. ನಾನೇ ಹೋಗ್ತೀನಿ, ಮೇ ತಿಂಗಳಲ್ಲಿ. ಹೇಳದೆ ಹೋಗ್ತೀನಿ."

ಅವರಿಗೆ ಹೋಗಲಾಗುತ್ತದೋ ಇಲ್ಲವೋ, ಎಂಬತ್ತನಾಲ್ಕರಲ್ಲಿ ಯಾರು ಹೇಳಬಲ್ಲರು? ನಾನಂತೂ ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಸಂಕ್ರಾಂತಿಗೆ ಒಂಬತ್ತು ದಿನವಿತ್ತು. ಎಳ್ಳು ಬೀರುವುದಕ್ಕೆ ಯಾವ ಕಾಲದಲ್ಲಿ ಯಾರು ಕರೆಸಿಕೊಂಡು ಹೋಗಿದ್ದಾರೆ? ಹೊಸ ಲಂಗ ಉಟ್ಟು ಕೈಯಲ್ಲಿ ತಟ್ಟೆ ಹಿಡಿದು ಊರಿನ ಎಲ್ಲ ಮನೆಗೂ ತಾನಾಗಿ ನುಗ್ಗಿದ ಹುಡುಗಿ ನಾನು. ಅದನ್ನು ಯಾವಾಗ ಮರೆತೆ?

ಹಬ್ಬದ ದಿನ ಪರ್ತ್‌ನಲ್ಲಿ ಇಳಿದೆ. ಅಲ್ಲಿ ಹೊರಗಿನ ಕಾಳು, ಹಣ್ಣು ತರುವುದಕ್ಕೆ ಕಟ್ಟುನಿಟ್ಟು. ಎಳ್ಳು, ಬೆಲ್ಲ, ಕೊಬ್ಬರಿಯ ಡಬ್ಬಿಯನ್ನು ತಪಾಸಣೆಯವಳು ತಿರುಗಿಸಿ ಮುರುಗಿಸಿ ಮೂಸಿ, ಎಲ್ಲ ಹುರಿದದ್ದೇ ಎಂದು ಕೇಳಿ ಬಿಟ್ಟಳು. ಕಬ್ಬಿನ ತುಂಡು ತಂದಿರಲೇ ಇಲ್ಲ.

ವಿಲೆಟನ್‌ನ ಆ ಬಾಗಿಲ ಬೆಲ್ ಒತ್ತಿ ನಿಂತೆ. ಉಷಾ ತೆರೆದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನೂ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿದಳು. 

"ಒಂದು ಫೋನ್ ಮಾಡಿ ಬರಬಾರದಿತ್ತಾ?" ಎಂದಳು.

"ಎಳ್ಳು ಬೀರೋಕೆ ಯಾರಾದ್ರೂ ಫೋನ್ ಮಾಡಿ ಬರ್ತಾರೇನೇ?"

ಅವಳು ಡಬ್ಬಿ ತೆಗೆದುಕೊಳ್ಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕಣ್ಣೊರೆಸಿಕೊಳ್ಳುತ್ತ ತಿರುಗಿ ಒಳಗೆ ಹೊರಟುಹೋದಳು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಹಳೆಯ ಅಭ್ಯಾಸ, ಹೊಸ್ತಿಲಲ್ಲಿ ಒಂದು ಗಳಿಗೆ ಕಾದೆ. ಯಾರೂ ಕರೆಯಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋದೆ.